ಸವಣೂರಿಗೆ ಹೋದ ಡೇರೆ ಹೂ

ಹಾನಗಲ್ಲಿನಿಂದ ಬಸ್ಸು ಹೊರಟಾಗ ನಮ್ಮ ಅಕ್ಕನ ತೊಡೆಯ ಮೇಲೆ ಮಣ್ಣಿನ ಕುಂಡ, ಕುಂಡದಲ್ಲಿ ತಾಟಿನಗಲದ ಕೆಂಪು ಡೇರೆ ಹೂ. ಇಡೀ ಗಿಡಕ್ಕೆ ಅದೊಂದೇ. ಅಕ್ಕನ ಪಕ್ಕದಲ್ಲಿ ಅವ್ವ, ಹಿಂದಿನ ಸೀಟಿನಲ್ಲಿ ನಾನು. ಸವಣೂರಿನಲ್ಲಿ ನವಾಬರ ಕಾಲದ ತೋಟದಲ್ಲಿ ಹೂಗಳ ಪ್ರದರ್ಶನವಿತ್ತು. ಎಷ್ಟೋ ವರ್ಷಗಳಿಂದ ಬತ್ತಿದ್ದ ಕಾರಂಜಿಗಳನ್ನೂ ಅಂದೇ ಚಾಲೂ ಮಾಡುವವರಿದ್ದರು. ಡೇರೆಯ ಬಹುಮಾನ ತನಗೇ ಬರಬೇಕೆಂದು ಅಕ್ಕ ಹಟ ತೊಟ್ಟಿದ್ದಳು. ಎಂಬತ್ತನೇ ಇಸವಿಯ ಆಸುಪಾಸಿನ ಮಾತು, ಸಂಕ್ರಾಂತಿಯ ಮುಂಚಿನ ಚಳಿ, ಸುಮಾರು ಇಪ್ಪತ್ತೈದು ಮೈಲಿಯ ಹಾದಿ.

“ಕುಂಡಕ್ಕ ಲಗೇಜ್ ತಿಕೀಟ್ ಆಗ್ತೈತ್ರಿ,” ಎಂದ ಕಂಡಕ್ಟರ್.

“ತೊಡಿಮ್ಯಾಲಿನ ಕೂಸಿಗೆ ತಿಕೀಟ್ ತಗೀತೀರೇನ್ರಿ?” ಎಂದಳು ಅಕ್ಕ. ಬಸ್ಸಿನವರೆಲ್ಲ ನಕ್ಕರು. ಅವನೂ ನಕ್ಕು ಮುಂದೆ ಹೋದ.

ಬಂಕಾಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಎದುರಿಗೆ ಹನುಮಪ್ಪನ ಗುಡಿ ಕಂಡದ್ದೇ ತಡ, ಅವ್ವನ ಕೈ ಹೂವಿನ ಕಡೆ ಹೋಯಿತು.

“ಹನಮಪ್ಪಗ ಏರ್ಸೂಣು. ಬಹುಮಾನ ತಾನ ಬರ್ತೈತಿ.”

“ಹೂ ಏರಿಸಿದ ಮ್ಯಾಲ ಬರೇ ಎಲಿ-ತಪ್ಪಲಕ್ಕ ಬಹುಮಾನ ಕೊಡ್ತಾರೇನವ್ವಾ?” ಎಂದು ಅಕ್ಕ ಕುಂಡಕ್ಕೆ ಸೆರಗು ಮುಚ್ಚಿದಳು. ಇವರ ಜಗಳ ಸಾಕಪ್ಪ ಎಂದು ನಾನು ಮಿರ್ಚಿ ಭಜಿ ತಂದೆ.

ತೋಟ ಹೊಕ್ಕರೆ, ಅಬ್ಬಬ್ಬಾ, ಅದೇನು ಬಣ್ಣ! ಚೆಂಡು, ಸೇವಂತಿಗೆ, ಗುಲಾಬಿ, ಎಲ್ಲಿ ನೋಡಿದರಲ್ಲಿ ಹೂವೇ. ಡೇರೆಗಳ ಸಾಲಿನಲ್ಲಿ ಅಕ್ಕನದೇ ಎಲ್ಲಕ್ಕಿಂತ ದೊಡ್ಡದು. ನಿರ್ಣಾಯಕರು ಆ ತುದಿಯಿಂದ ಒಂದೊಂದೇ ಕುಂಡ ನೋಡುತ್ತ ಬರುತ್ತಿದ್ದರು. ಅಕ್ಕ ಕುಂಡವನ್ನು ಇತ್ತ ತಿರುಗಿಸಿ ಅತ್ತ ತಿರುಗಿಸಿ, ಹೂವಿನ ಮುಖ ಅವರ ಕಡೆಗೆ ಮಾಡಿದಳು.

ಅಷ್ಟರಲ್ಲಿ ನಮ್ಮ ಹಿಂದಿನ ಕಾರಂಜಿ ಗೊಳಗೊಳ ಎಂದಿತು. ಮೊದಲು ಕೆಸರು ಬಂತು, ಆಮೇಲೆ ರಾಡಿ ನೀರು, ಕಡೆಗೆ ತಿಳಿನೀರು ಆಳೆತ್ತರಕ್ಕೆ ಚಿಮ್ಮಿತು. ಜನ ಹೋ ಎಂದರು. ನಮ್ಮ ಕಡೆಯ ಹೆಂಗಸರು ಹೊಸ ನೀರು ಬಂದಾಗ ಗಂಗವ್ವನಿಗೆ ಹೂ ಏರಿಸದೆ ಬಿಡುವುದಿಲ್ಲ.

“ಗಂಗವ್ವ ಬಂದ್ಳು!” ಎಂದು ಚೀರಿದವಳು ಅವ್ವನಲ್ಲ, ಅಕ್ಕ. ಚಟ್ಟನೆ ಡೇರೆ ಮುರಿದು ಕಾರಂಜಿಯ ಹೊಂಡಕ್ಕೆ ಬಿಟ್ಟು, ಕಣ್ಣು ಮುಚ್ಚಿ ಕೈಮುಗಿದಳು. ಕಣ್ಣು ತೆರೆದಾಗಲೇ ತಾನು ಮಾಡಿದ್ದು ಆಕೆಗೆ ತಿಳಿದದ್ದು.

“ಅಯ್ಯ, ನನ್ನ ಕೈ ಸುಡ್ಲಿ!”

ನಿರ್ಣಾಯಕರು ಬಂದು, “ಹೂ ಎಲ್ಲೈತವ್ವಾ?” ಎಂದರು. ಅಕ್ಕ ಹೊಂಡ ತೋರಿಸಿದಳು. ಅವರು ಬಗ್ಗಿ ನೋಡಿ ಲೊಚಗುಟ್ಟಿದರು. “ಗಿಡದಾಗ ಇದ್ದಿದ್ರ ಮೊದಲನೇ ನಂಬರ್ ನಿಂದ ಇತ್ತು.”

ಅತ್ತೇಬಿಡುತ್ತಾಳೆ ಎಂದುಕೊಂಡೆ. ಅಕ್ಕ ಬಿದ್ದು ಬಿದ್ದು ನಗತೊಡಗಿದಳು. “ಹೋಗ್ಲಿ ಬಿಡ್ರಿ, ಗಂಗವ್ವ ಬಂದಾಗ ಬರೀಗೈಲೆ ನಿಂದ್ರಾಕ ಆಗ್ತೈತೇನ್ರಿ?”

ಅಷ್ಟೇ ಸಾಕಾಯಿತು. ಸಾಲಿನಲ್ಲಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಕುಂಡದ ಹೂವಿಗೆ ಕೈ ಹಾಕಿದರು.

“ತಡೀರೆವ್ವಾ! ನಂಬರ್ ಹಾಕೂತನಕರ ತಡೀರಿ!” ಎನ್ನುತ್ತ ನಿರ್ಣಾಯಕರು ಓಡಿದರು.

ನಾವು ತೋಟ ಬಿಟ್ಟಾಗ ಹೊಂಡದ ತುಂಬ ಹೂ ತೇಲುತ್ತಿದ್ದವು. ಬಹುಮಾನ ಯಾರಿಗೆ ಬಂತೆಂದು ಕೇಳಲು ಅಕ್ಕ ನಿಲ್ಲಲೇ ಇಲ್ಲ.