ಪೈಪಿನ ಭಾರ ಬಲ್ಲ ಭುಜ

ಬೆಳಗಿನ ಐದೂವರೆ. ಸಣ್ಣ ಡಿಸ್ಟಿಲರಿಯ ಹಿಂಬಾಗಿಲು ತೆರೆದ ಪೈಪಕ್ಕ ಒಡನೆಯೇ ದೀಪ ಹಾಕುವುದಿಲ್ಲ. ಮೂಗರಳಿಸಿ ನಿಲ್ಲುತ್ತಾರೆ. ಎಲ್ಲೂ ಸ್ಪಿರಿಟ್ ಸೋರಿಲ್ಲ ಎಂದು ಖಾತ್ರಿಯಾದ ಮೇಲೇ ಸ್ವಿಚ್ಚಿಗೆ ಕೈ. ಆಮೇಲೆ ದಪ್ಪ ರಬ್ಬರ್ ಪೈಪಿನ ಒಂದು ತುದಿಯನ್ನು ಭುಜಕ್ಕೇರಿಸಿ, ಮೊಳ ಮೊಳವಾಗಿ ಎತ್ತುತ್ತಾ ಇನ್ನೊಂದು ತುದಿಯವರೆಗೆ ನಡೆಯುತ್ತಾರೆ. ಒಳಗುಳಿದ ನೀರು ಗುಳುಗುಳು ಎಂದು ಚರಂಡಿಗೆ ಬೀಳುತ್ತದೆ. ಬರಿದಾದ ಪೈಪು ಗೋಡೆಯ ಓರೆ ಕಂಬಿಗೆ ಏರುತ್ತದೆ, ಎರಡೂ ಬಾಯಿ ನೆಲಕ್ಕೆ ಮುಖ ಮಾಡಿ.

"ಪೈಪು ಅಂದ್ರೆ ಕರುಳಿದ್ದ ಹಾಗೆ. ಒಳಗೇನು ಉಳೀತೋ ಅದು ಕೊಳೆಯುತ್ತೆ. ಹೊರಗಿಂದ ನೋಡಿದ್ರೆ ಏನ್ ಗೊತ್ತಾಗುತ್ತೆ?" ಎನ್ನುತ್ತಾರೆ.

ಐವತ್ತೆರಡರ ಈಕೆ ಮೊದಲು ಇಲ್ಲೇ ಬಾಟಲಿ ತೊಳೆಯುತ್ತಿದ್ದರು. ಆ ಕೆಲಸಕ್ಕೆ ಯಂತ್ರ ಬಂದಾಗ ಪೈಪುಗಳ ಪಾಲಿಗೆ ಬಂದರು, ಎಲ್ಲರ ಬಾಯಲ್ಲಿ ಪೈಪಕ್ಕನಾದರು. ಅದಕ್ಕೀಗ ಒಂಬತ್ತು ವರ್ಷ. ದಿನಕ್ಕೆ ಇಪ್ಪತ್ತೆರಡು ಪೈಪು, ಉದ್ದದ್ದು ಹನ್ನೆರಡು ಮೀಟರು. ಬಲಭುಜ ಎಡದ್ದಕ್ಕಿಂತ ಒಂದು ಬೆರಳಷ್ಟು ಇಳಿದಿದೆ. ಮನೆಯಲ್ಲಿ ನಾದಿನಿಗೆ ಇದೆಲ್ಲ ತಮಾಷೆ: "ನಮ್ಮತ್ತಿಗೆ ದಿನಾ ಹಾವಾಡಿಸ್ತಾಳೆ, ಒಂದಾದ್ರೂ ಕಚ್ಚಿದ್ರೆ ಕೇಳಿ!"

ಕಳೆದ ತಿಂಗಳವರೆಗೆ ಡಿಸ್ಟಿಲರಿಯವರೂ ಹಾಗೇ ನಗುತ್ತಿದ್ದರು.

ಆಗ ಜ್ವರ ಬಂದು ಮೂರು ದಿನ ಮಲಗಿದ್ದ ಪೈಪಕ್ಕ ನಾಲ್ಕನೆಯ ದಿನ ತಡವಾಗಿ ಬಂದರು. ಕಂಬಿ ಅರ್ಧ ಖಾಲಿ. ಪಂಪಿನವನು ನೆಲದ ಮೇಲೆ ಸುತ್ತಿಟ್ಟಿದ್ದ ಪೈಪೊಂದನ್ನು ಆಗಲೇ ಸ್ಪಿರಿಟ್ ಟ್ಯಾಂಕಿಗೆ ಸಿಕ್ಕಿಸಿದ್ದ. ಆಚೆ ತುದಿಯಲ್ಲಿ ಭಟ್ಟಿ ಮೇಸ್ತ್ರಿ ಲೋಟ ಹಿಡಿದು ನಿಂತಿದ್ದರು. ಪೈಪಿನಿಂದ ಬರುವ ಮೊದಲ ಗುಟುಕಿನ ರುಚಿ ನೋಡುವುದು ಅವರ ರೂಢಿ.

ದಾರಿಗಡ್ಡವಾಗಿದೆಯೆಂದು ಪೈಪನ್ನು ಸರಿಸಲು ಹೋದ ಪೈಪಕ್ಕನ ಕೈ ಅಲ್ಲೇ ನಿಂತಿತು. ಬರಿದಾದ ಪೈಪು ಇಷ್ಟು ಭಾರವಿರುವುದಿಲ್ಲ.

"ನಿಲ್ಸೋ! ಪಂಪಿನ ಸ್ವಿಚ್ ಮುಟ್ಬೇಡ!"

"ತೊಳೆದಿದ್ದೀವಲ್ಲಕ್ಕಾ, ನೀರಿರ್ಬೇಕು ಬಿಡು."

ಬಿಡಲಿಲ್ಲ. ಪೈಪು ಬಿಚ್ಚಿಸಿ, ಎತ್ತಿ, ಬಕೆಟ್ಟಿಗೆ ಬಗ್ಗಿಸಿದರು. ಎರಡು ಲೀಟರಿಗೂ ಹೆಚ್ಚು. ತಿಳಿಯಾಗಿದೆ, ವಾಸನೆಯಿಲ್ಲ, ಥೇಟ್ ನೀರು. ಆದರೆ ಒಂದು ಹನಿ ಸಿಡಿದ ಮೊಣಕೈ ಮೊದಲು ಸಾಬೂನಿನಂತೆ ಜಾರಿತು, ಆಮೇಲೆ ಉರಿಯತೊಡಗಿತು. ಮೇಸ್ತ್ರಿ ಪರೀಕ್ಷೆಯ ಕಾಗದ ಅದ್ದಿದರು. ಕಾಗದ ಕಡುನೀಲಿಗೆ ತಿರುಗಿತು. ಭಟ್ಟಿ ತೊಳೆಯುವ ಕಾಸ್ಟಿಕ್ ಸೋಡಾದ ನೀರು!

ಮೇಸ್ತ್ರಿ ಬಕೆಟ್ಟಿನತ್ತ ಬಗ್ಗಿ ನೋಡಿದರು. ಲೋಟ ಇನ್ನೂ ಕೈಯಲ್ಲೇ ಇತ್ತು. "ನನ್ನ ಗಂಟಲೇ ಸುಟ್ಟುಹೋಗ್ತಿತ್ತಲ್ಲಾ..." ಎಂದರು. ಪಂಪಿನವನು ಸ್ವಿಚ್ಚಿನ ಬಳಿಯಿಂದ ಹಿಂದೆ ಸರಿದ. "ನಾನೇ... ನಿನ್ನೆ ಭಟ್ಟಿ ತೊಳೆದ್ಮೇಲೆ ನಾನೇ ಬಗ್ಗಿಸದೆ ಸುತ್ತಿಟ್ಟಿದ್ದು," ಎಂದ, ಯಾರೂ ಕೇಳದಿದ್ದರೂ.

ಪೈಪಕ್ಕ ಬೈಯಲಿಲ್ಲ. ಮೊಣಕೈಯನ್ನು ಹತ್ತಿಪ್ಪತ್ತು ನಿಮಿಷ ನಲ್ಲಿಯ ಕೆಳಗೆ ಹಿಡಿದು, ಇಪ್ಪತ್ತೆರಡು ಪೈಪನ್ನೂ ಒಟ್ಟು ಮಾಡಿ ಮತ್ತೆ ತೊಳೆದರು. ಹೆದರಿಕೆ ಹತ್ತಿದ್ದು ಮನೆಗೆ ಹೋದ ಮೇಲೆ. "ಅನ್ನ ಕಲಸಿದೆ, ತುತ್ತು ಎತ್ತೋಕಾಗ್ಲಿಲ್ಲ. ಲೋಟ ಹಿಡ್ಕೊಂಡು ನಿಂತಿದ್ರಲ್ಲ ಅವರು, ಅದೇ ಕಣ್ಮುಂದೆ," ಎನ್ನುವಾಗ ಈಗಲೂ ಅವರ ದನಿ ಇಳಿಯುತ್ತದೆ.

ಅಂದು ಮಾಲೀಕರು ಕೇಳಿದರಂತೆ, "ಈ ಕೆಲಸ ಹೇಗೆ ಮಾಡೋದು ಅಂತ ಎಲ್ಲಾದ್ರೂ ಬರೆದಿಟ್ಟಿದ್ದೀವಾ?" ಬರೆದಿಟ್ಟಿರಲಿಲ್ಲ. ಒಂಬತ್ತು ವರ್ಷದಿಂದ ಅದು ಒಬ್ಬರ ಮೈಯಲ್ಲಿ ಮಾತ್ರ ಇತ್ತು.

ಈಗ ಕಾಸ್ಟಿಕ್ ಪೈಪುಗಳಿಗೆ ಕೆಂಪು ಪಟ್ಟಿ ಬಿದ್ದಿದೆ, ಬೇರೆ ಕಂಬಿ ಬಂದಿದೆ. ಪಂಪಿನವನು ದಿನಾ ಅರ್ಧ ಗಂಟೆ ಮುಂಚೆ ಬಂದು ಪಾಠ ಹೇಳಿಸಿಕೊಳ್ಳುತ್ತಾನೆ. ಕಲಿಯುತ್ತಾನೆಯೇ ಎಂದರೆ ಪೈಪಕ್ಕ ನಗುತ್ತಾರೆ. "ಹೆದರಿದವನು ಬೇಗ ಕಲೀತಾನೆ. ನನಗಿನ್ನೇನೂ ಬೇಡಪ್ಪ. ಮುಂದಿನ ಸಲ ರಜೆ ಹಾಕಿದಾಗ ಮನೇಲಿ ಕಣ್ತುಂಬಾ ನಿದ್ದೆ ಬಂದ್ರೆ ಸಾಕು."