ಬೀಗ ತೆಗೆಯಬಹುದಾದ ಫೋನು

ನನ್ನ ಫೋನು ಕೆಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ಇವತ್ತಿಗೂ ಒಮ್ಮತವಿಲ್ಲ. ಬ್ಯಾಟರಿ ದಿನಪೂರ್ತಿ ಬರುತ್ತಿತ್ತು. ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ. ಆದರೂ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನೋಡಿದರೆ, ಈ ಮಾದರಿಗೆ ಇನ್ನು ಮುಂದೆ ಅಪ್‌ಡೇಟ್ ಬರುವುದಿಲ್ಲ, ಹೊಸ ಫೋನುಗಳನ್ನು ನೋಡಲು ಇಲ್ಲಿ ಒತ್ತಿ ಎಂದು ಪರದೆಯ ಮೇಲೆ ಬಂದಿತ್ತು. ನಾನು ಒತ್ತಲಿಲ್ಲ. ಬಾಯಿ ಮುಕ್ಕಳಿಸಿ ಕೆಲಸಕ್ಕೆ ಹೋದೆ.

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿರುವ ಒಂದು ಅದಿರು ಕಾರ್ಖಾನೆಯಲ್ಲಿ ನಾನು ಟೆಕ್ನಿಷಿಯನ್. ಲಾರಿಗಳನ್ನು ತೂಗುವ ಯಂತ್ರ, ಶಾಖ ತೋರಿಸುವ ಮೀಟರು, ಇಂಥವನ್ನು ಸುಸ್ಥಿತಿಯಲ್ಲಿ ಇಡುವುದು ನನ್ನ ಕೆಲಸ. ನಮ್ಮ ತೂಕದ ಯಂತ್ರ ನನಗಿಂತ ಮೊದಲೇ ಕೆಲಸಕ್ಕೆ ಸೇರಿದ್ದು. ಅದರಲ್ಲಿ ತಯಾರಿಸಿದ ಕಂಪನಿಯದು ಎಂದು ಉಳಿದಿರುವುದು ಹೊರಗಿನ ತಗಡು ಮಾತ್ರ. ಇಂಥ ಕಡೆ ಇಪ್ಪತ್ತು ವರ್ಷ ಕಳೆದವನಿಗೆ, ಗಟ್ಟಿಮುಟ್ಟಾಗಿರುವ ವಸ್ತುವಿನ ಕಾಲ ಮುಗಿಯಿತು ಎಂದು ಯಾರೋ ದೂರದಿಂದ ಹೇಳಿದರೆ ನಂಬುವುದು ಕಷ್ಟ.

ಓದಿ ನೋಡಿದೆ. ಕಂಪನಿಗಳ ಹಂಗಿಲ್ಲದೆ ಹವ್ಯಾಸಿಗಳೇ ಸೇರಿ ಬರೆದ ಆಪರೇಟಿಂಗ್ ಸಿಸ್ಟಮ್‌ಗಳಿವೆ, ಫೋನಿನಲ್ಲಿರುವುದನ್ನು ಅಳಿಸಿ ಅವನ್ನು ಹಾಕಿಕೊಳ್ಳಬಹುದು ಎಂದು ಗೊತ್ತಾಯಿತು. ಆದರೆ ಒಂದು ಮಾದರಿಗೆ ಹೊಲಿದದ್ದು ಇನ್ನೊಂದಕ್ಕೆ ಹಿಡಿಸುವುದಿಲ್ಲ. ಪ್ರತಿ ಮಾದರಿಗೂ ಯಾರಾದರೂ ಕೂತು ಅಳತೆ ತೆಗೆದು ಹೊಂದಿಸಬೇಕು. ನನ್ನದಕ್ಕೆ ಯಾರೂ ಹೊಂದಿಸಿರಲಿಲ್ಲ. ನಾನೇ ಹೊಂದಿಸೋಣವೆಂದರೆ, ಫೋನು ಆನ್ ಆಗಿ ಏಳುವಾಗ ಒಳಗೊಂದು ಬೀಗ ಇರುತ್ತದೆ, ಅದು ಕಂಪನಿಯ ಸಿಸ್ಟಮ್ ಬಿಟ್ಟು ಬೇರೆ ಯಾವುದನ್ನೂ ಒಳಗೆ ಬಿಡುವುದಿಲ್ಲ. ಕೆಲವು ಕಂಪನಿಗಳು ಕೇಳಿದರೆ ಕೀಲಿ ಕೊಡುತ್ತವೆ. ನನ್ನ ಕಂಪನಿ ಕೊಡುತ್ತಿರಲಿಲ್ಲ. ಹಾಗಾಗಿ ಬೀಗ ತೆಗೆಯಬಹುದಾದ ಬೇರೊಂದು ಹಳೆಯ ಫೋನು ಹುಡುಕಬೇಕಾಯಿತು.

ನನ್ನ ಹೆಂಡತಿ ಮಲಪನಗುಡಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾಳೆ. ಯೋಜನೆಯನ್ನು ಅವಳಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಂದ್ರ, ಹೊಸಾ ಫೋನ್ ತಗೋಬಾರ್ದು ಅಂತ ಇನ್ನೊಂದು ಫೋನ್ ತಗೋತೀರಿ," ಎಂದಳು.

ಹೌದು ಎಂದೆ. ಅವಳು ಉತ್ತರ ಪತ್ರಿಕೆಗಳ ಕಡೆ ತಿರುಗಿದಳು.

ಫೋನನ್ನು ಆರಿಸುವುದಕ್ಕೇ ಐದು ತಿಂಗಳು ಹಿಡಿಯಿತು. ಬೀಗ ತೆಗೆಯಲು ಬಂದರೆ ಸಾಲದು. ಯಂತ್ರವನ್ನು ನಡೆಸುವ ಮೂಲ ಬರಹವನ್ನು, ಅಂದರೆ ಸೋರ್ಸ್ ಕೋಡನ್ನು, ಕಂಪನಿ ಬಹಿರಂಗವಾಗಿ ಕೊಟ್ಟಿರಬೇಕು. ಒಳಗಿನ ಚಿಪ್ ಹವ್ಯಾಸಿಗಳಿಗೆ ಪರಿಚಯದ್ದಾಗಿರಬೇಕು. ಬಿಡಿಭಾಗ ಸಿಗುವಷ್ಟು ಜನ ಅದನ್ನು ಕೊಂಡಿರಬೇಕು, ಈಗ ಯಾರಿಗೂ ಬೇಡವಾಗಿರಲೂ ಬೇಕು. ಹೆಣ್ಣು ನೋಡುವಾಗಲೂ ನಾನು ಇಷ್ಟು ವಿಚಾರಿಸಿರಲಿಲ್ಲ, ಅದನ್ನು ಹೆಂಡತಿಯೇ ಹೇಳಿದಳು. ಕೊನೆಗೆ ಒಂದೇ ಒಂದು ಮಾದರಿ ಎಲ್ಲಕ್ಕೂ ಒಪ್ಪಿತು. ಆರು ವರ್ಷ ಹಳೆಯದು. ಅದರ ಬಗ್ಗೆ ನನಗೆ ಎಲ್ಲವೂ ಗೊತ್ತಿತ್ತು, ಎಲ್ಲಿ ಸಿಗುತ್ತದೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಹೊಸಪೇಟೆಯ ಬಸ್‌ಸ್ಟ್ಯಾಂಡ್ ಬಳಿಯ ಹಳೆಯ ಫೋನುಗಳ ಅಂಗಡಿಗಳಿಂದ ಶುರು ಮಾಡಿದೆ. ಗಿರಾಕಿಗಳು ಅಲ್ಲಿ ಕ್ಯಾಮೆರಾ ಹೇಗಿದೆ, ಚಾರ್ಜು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳುತ್ತಾರೆ. ನಾನು, ಇದರ ಬೀಗ ತೆಗೆಯಲು ಬರುತ್ತದೆಯೇ ಎಂದು ಕೇಳಿದೆ. ಮೊದಲ ಅಂಗಡಿಯವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ತಾವು ಕದ್ದ ಮಾಲು ಮುಟ್ಟುವವರಲ್ಲ ಎಂದು ಮರ್ಯಾದೆಯಿಂದಲೇ ಹೇಳಿ ಕಳಿಸಿದ. ಎರಡನೆಯ ಅಂಗಡಿಗೆ ನಾನು ಹೋಗುವಷ್ಟರಲ್ಲಿ ವಿಷಯ ಅಲ್ಲಿಗೆ ತಲುಪಿತ್ತು.

ಆಮೇಲೆ ಹಂಪಿ. ಬಾಳೆತೋಟದ ಪಕ್ಕದಲ್ಲಿ ಗೆಸ್ಟ್‌ಹೌಸ್ ನಡೆಸುವ ಪರಿಚಯದವರೊಬ್ಬರು ಇದ್ದಾರೆ. ವಿದೇಶಿ ಅತಿಥಿಗಳು ಬೇಡವೆಂದು ಬಿಟ್ಟುಹೋದ ಸಾಮಾನು ಅವರ ಒಂದು ಟ್ರಂಕಿನಲ್ಲಿರುತ್ತದೆ. ಯೋಗದ ಚಾಪೆಗಳ ಕೆಳಗೆ ನಾನು ಹುಡುಕುತ್ತಿದ್ದ ಮಾದರಿ ಸಿಕ್ಕಿತು. ಅದೇ ಹೆಸರು, ಅದೇ ಬಣ್ಣ. ಅವರು ಸುಮ್ಮನೆ ಕೊಟ್ಟರು. ಬೀಗ ತೆಗೆದು ಹೊಸ ಸಿಸ್ಟಮ್ ಹಾಕಲು ಎರಡು ವಾರ ಅದರ ಮುಂದೆ ಕೂತೆ. ಏನು ಮಾಡಿದರೂ ಪರದೆ ಕಪ್ಪಾಗಿಯೇ ಇತ್ತು. ನನ್ನ ತಿಳುವಳಿಕೆ ಸಾಲದು ಎಂದುಕೊಂಡೆ.

ಸಾಲದ್ದು ನಿಜವೇ, ಆದರೆ ಬೇರೆ ಕಾರಣಕ್ಕೆ. ಅದನ್ನು ತೋರಿಸಿಕೊಟ್ಟವರು ಸಂಡೂರಿನಲ್ಲಿ ಮೊಬೈಲ್ ರಿಪೇರಿ ಮಾಡುವ ಒಬ್ಬ ಹೆಣ್ಣುಮಗಳು. ಗಣಿ ಲಾರಿಗಳ ಡ್ರೈವರುಗಳು ಅವರ ಗಿರಾಕಿಗಳು, ಚಾರ್ಜಿಂಗ್ ತೂತಿನಿಂದ ಕೆಂಪು ಧೂಳು ಕೆದಕಿ ತೆಗೆಯುವುದು ಅವರ ದಿನದ ಅರ್ಧ ಕೆಲಸ. ಅವರು ನನ್ನ ಫೋನನ್ನು ತಿರುಗಿಸಿ, ಬೆನ್ನ ಮೇಲಿನ ಸಣ್ಣ ಅಕ್ಷರಗಳ ಕೊನೆಯ ಒಂದು ಅಕ್ಷರದ ಮೇಲೆ ಉಗುರು ಇಟ್ಟರು.

"ಇದು ಹೊರದೇಶದ್ದು ಸರ್. ಹೆಸರು ಒಂದೇ, ಒಳಗಿನ ಚಿಪ್ ಬ್ಯಾರೆ. ನಿಮಗ ಬೇಕಾಗಿದ್ದು ಇದಲ್ಲ."

ಎರಡು ವಾರ ಕೂತು ಕಂಡುಹಿಡಿಯಲಾಗದ್ದನ್ನು ಅವರು ಕನ್ನಡಕವಿಲ್ಲದೆ ಓದಿದ್ದರು. ನಮ್ಮ ಕಡೆಯ ಚಿಪ್ ಇರುವ ಫೋನು ಎಮ್ಮಿಗನೂರಿನ ಒಬ್ಬ ನೀರಗಂಟಿಯ ಹತ್ತಿರ ಇದೆ, ಸಂಡೂರಿನ ಮಗಳ ಮನೆಗೆ ಬಂದಾಗ ತಾವೇ ರಿಪೇರಿ ಮಾಡಿಕೊಟ್ಟದ್ದು ಎಂದೂ ಹೇಳಿದರು. ನೀರಗಂಟಿ ಎಂದರೆ ಕಾಲುವೆಯ ತೂಬು ತೆಗೆದು, ಯಾರ ಗದ್ದೆಗೆ ಯಾವ ದಿನ ನೀರು ಎಂದು ಸರದಿ ನಡೆಸುವವನು.

ರಜೆ ಹಾಕಿ ಕಂಪ್ಲಿಗೆ ಹೋಗಿ, ಅಲ್ಲಿಂದ ಎಮ್ಮಿಗನೂರಿನ ಬಸ್ಸು ಹಿಡಿದೆ. ನೀರಗಂಟಿ ಕಾಲುವೆ ದಂಡೆಯ ಮೇಲೆ ಸಿಕ್ಕರು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಫೋನಿನ ಬೆನ್ನ ಮೇಲಿನ ಕೊನೆಯ ಅಕ್ಷರ ಸರಿಯಾಗಿತ್ತು. ಮಗಳು ಕೊಡಿಸಿದ ಹೊಸ ಫೋನು ಡಬ್ಬಿಯಲ್ಲೇ ಇದೆ, ಇದನ್ನು ಒಯ್ಯಬಹುದು ಎಂದರು. ಆದರೆ ಒಳಗಿನ ಫೋಟೋಗಳು ಬೇಕು. ತೂಬಿನ ಪಕ್ಕದಲ್ಲಿ ನೀರು ಎಷ್ಟು ಅಡಿ ಹರಿಯುತ್ತಿದೆ ಎಂದು ತೋರಿಸುವ ಅಳತೆಯ ಕಲ್ಲು ಇದೆ. ನೀರು ಬಿಡುವ ಹಂಗಾಮಿನಲ್ಲಿ ಅವರು ದಿನಾ ಬೆಳಿಗ್ಗೆ ಅದರ ಫೋಟೋ ತೆಗೆದಿದ್ದರು, ನಾಲ್ಕು ವರ್ಷ. ಕಾಲುವೆಯ ಮೇಲಿನ ಗದ್ದೆಯವರು ನೀರು ಕದ್ದರು ಎಂದು ಕೊನೆಯ ಗದ್ದೆಯವರು ಜಗಳಕ್ಕೆ ಬಂದಾಗ ಫೋಟೋ ತೆಗೆದು ತೋರಿಸಿದರೆ ಮಾತು ಅಲ್ಲಿಗೆ ನಿಲ್ಲುತ್ತಿತ್ತಂತೆ.

"ಬ್ಯಾರೆ ಏನರ ಹೋಗ್ಲಿ. ಫೋಟೋ ಹೋಗಬಾರ್ದು ನೋಡ್ರಿ," ಎಂದರು. ಹೋಗುವುದಿಲ್ಲ ಎಂದು ಮಾತು ಕೊಟ್ಟೆ.

ಮುಂದಿನ ಭಾನುವಾರ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ, ಅವರ ಕಟ್ಟೆಯ ಮೇಲೆ ಕೂತು, ಫೋಟೋಗಳನ್ನೆಲ್ಲ ಹೊಸ ಫೋನಿಗೆ ಇಳಿಸಿಕೊಟ್ಟೆ. ಒಂದೂ ತಪ್ಪಿರಲಿಲ್ಲ. ಅವರು ಮೊದಲನೆಯದನ್ನೂ ಕೊನೆಯದನ್ನೂ ತೆರೆದು ನೋಡಿ ತಲೆಯಾಡಿಸಿದರು. ಮನೆಗೆ ಬಂದು ಬೀಗ ತೆಗೆದೆ. ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ ಎಂದು ಫೋನು ಕೇಳಿತು. ಒಪ್ಪಿದೆ.

ಅಲ್ಲಿಂದ ಮುಂದಿನ ನಾಲ್ಕು ತಿಂಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಮೊದಲು ಪರದೆ ತಲೆಕೆಳಗಾಗಿ ಬಂತು. ಆಮೇಲೆ ನೆಟ್ಟಗೆ ಬಂತು, ಆದರೆ ಎಡಕ್ಕೆ ಮುಟ್ಟಿದರೆ ಬಲಕ್ಕೆ ಒತ್ತುತ್ತಿತ್ತು. ಒಂದು ಸಂಜೆ ಕನ್ನಡದ ಅಕ್ಷರಗಳು ಒತ್ತುಗಳ ಸಮೇತ ಸರಿಯಾಗಿ ಮೂಡಿದವು. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಓದಿ, ಒಂದು ಕಡೆ ಅಲ್ಪಪ್ರಾಣ ಇರಬೇಕಾದಲ್ಲಿ ಮಹಾಪ್ರಾಣ ಬಂದಿದೆ ಎಂದಳು. ಅದು ನಾನು ಟೈಪ್ ಮಾಡಿದ ತಪ್ಪು, ಫೋನಿನದಲ್ಲ. ನನಗೆ ಅವತ್ತು ಆದಷ್ಟು ಸಂತೋಷ ಕಾರ್ಖಾನೆಯಲ್ಲಿ ಬಡ್ತಿ ಬಂದಾಗಲೂ ಆಗಿರಲಿಲ್ಲ.

ಕಾಲುವೆಗೆ ನೀರು ಬಿಟ್ಟ ಮೂರನೆಯ ದಿನ ನೀರಗಂಟಿ ಫೋನು ಮಾಡಿದರು. ಕೊನೆಯ ಗದ್ದೆಯವರು ಸೇರಿದ್ದರಂತೆ. ಹೋದ ವರ್ಷ ತಮ್ಮ ಸರದಿ ತಪ್ಪಿದೆ, ಈ ಸಲ ಮೊದಲು ತಮಗೇ ನೀರು ಬಿಡಬೇಕು ಎಂದರಂತೆ. ಇವರು ಎಂದಿನಂತೆ ಹೊಸ ಫೋನು ತೆಗೆದು ತೋರಿಸಿದ್ದಾರೆ. ಹಳೆಯ ಎಲ್ಲ ಫೋಟೋಗಳ ಮೇಲೂ ಒಂದೇ ತಾರೀಕು, ನಾನು ಅವರ ಕಟ್ಟೆಯ ಮೇಲೆ ಕೂತ ಭಾನುವಾರದ್ದು. ಅಷ್ಟೂ ನೀರು ಒಂದೇ ದಿನ ಬಿಟ್ಟಿದ್ದರೆ ಅವತ್ತು ಡ್ಯಾಮು ಖಾಲಿಯಾಗಿರಬೇಕು ನೋಡು ಎಂದು ಒಬ್ಬ ಹೇಳಿದನಂತೆ, ಉಳಿದವರು ನಕ್ಕರಂತೆ.

ಇಷ್ಟನ್ನೂ ಹೇಳಿ ಅವರು ಬೈಯಲಿಲ್ಲ. "ಸರ್, ನಿಮ್ಮ ಐತವಾರ ನಮ್ಮ ನಾಕ್ ವರ್ಷದ ನೀರಿನ ಮ್ಯಾಲೆ ಕುಂತೈತ್ರಿ," ಎಂದರು, ಅಷ್ಟೇ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಮಾರನೆಯ ದಿನವೇ ಹೋದೆ. ತೂಬಿನ ಹತ್ತಿರದ ಬೇವಿನ ಮರದ ಕೆಳಗೆ ಹದಿನೈದು ಇಪ್ಪತ್ತು ಜನ ಇದ್ದರು, ಮೇಲಿನವರು ಒಂದು ಕಡೆ, ಕೊನೆಯವರು ಒಂದು ಕಡೆ. ನಾನು ನಿಂತುಕೊಂಡು ವಿವರಿಸಿದೆ. ಹೊರಗೆ ಕಾಣುತ್ತಿರುವುದು ಫೋಟೋ ಈ ಫೋನಿಗೆ ಬಂದಿಳಿದ ತಾರೀಕು. ತೆಗೆದ ತಾರೀಕು ಫೋಟೋದ ಒಳಗೇ ಬರೆದಿರುತ್ತದೆ, ಎಲ್ಲೂ ಹೋಗಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಆ ಒಳಗಿನ ತಾರೀಕುಗಳನ್ನು ತೋರಿಸಿದೆ. ಎಲ್ಲರೂ ಬಗ್ಗಿ ನೋಡಿದರು. ನೀರಗಂಟಿಯ ಮುಖ ಸ್ವಲ್ಪ ತಿಳಿಯಾಯಿತು.

ಕೊನೆಯ ಗದ್ದೆಯವರಲ್ಲಿ ಒಬ್ಬರು, ಬಿಳಿ ಟವೆಲ್ ಹೊದ್ದವರು, ಕೇಳಿದರು: "ಒಳಗಿನ ತಾರೀಕು ನೀವು ಬದಲಿ ಮಾಡಾಕ ಬರ್ತೈತೇನ್ರಿ?"

ಮೀಟರುಗಳ ವಿಷಯದಲ್ಲಿ ನಾನು ಸುಳ್ಳು ಹೇಳಿದವನಲ್ಲ. ಬರುತ್ತದೆ ಎಂದೆ.

"ಎಷ್ಟೊತ್ತು ಬೇಕು?"

ಎರಡು ನಿಮಿಷ ಎಂದೆ.

ನೀರಗಂಟಿ ನೀರನ್ನು ನೋಡುತ್ತಾ ನಿಂತರು. ನಾಲ್ಕು ವರ್ಷ ದಿನವೂ ಎದ್ದು ತೆಗೆದ ಫೋಟೋಗಳನ್ನು ಮೊದಲು ಅಜಾಗರೂಕತೆಯಿಂದ ಅರ್ಧ ಕೊಂದಿದ್ದೆ, ಈಗ ಪ್ರಾಮಾಣಿಕತೆಯಿಂದ ಪೂರ್ತಿ ಮುಗಿಸಿದ್ದೆ. ಲ್ಯಾಪ್‌ಟಾಪ್ ಮುಚ್ಚಲು ಕೈ ಹಾಕಿದೆ.

ಟವೆಲ್ಲಿನವರು ಮುಚ್ಚಲು ಬಿಡಲಿಲ್ಲ. ತಾರೀಕು ಬಿಡ್ರಿ, ಚಿತ್ರ ತೋರಿಸ್ರಿ ಎಂದು ಪಕ್ಕಕ್ಕೆ ಬಂದು ಕೂತರು. ಒಂದೊಂದಾಗಿ ಸರಿಸಿದೆ. ಎಲ್ಲದರಲ್ಲೂ ಅದೇ ಕಲ್ಲು, ಅದೇ ಕಾಲುವೆ. ಒಂದು ಫೋಟೋದಲ್ಲಿ ಕಲ್ಲಿನ ಹಿಂದೆ, ದೂರದಲ್ಲಿ, ಅರ್ಧ ಕಟ್ಟಿದ ಪಂಪಿನ ಮನೆ ಕಂಡಿತು. ಅದು ಅವರದ್ದೇ. ಗೋಡೆ ಅಷ್ಟು ಎತ್ತರ ಇದ್ದದ್ದು ಹೋದ ವರ್ಷ ದಸರಾ ಮುಂಚಿನ ವಾರ, ಆಮೇಲೆ ಗೌಂಡಿ ಬಂದು ಹಂಚು ಹಾಕಿದ ಎಂದರು. ಒಳಗಿನ ತಾರೀಕು ನೋಡಿದೆ. ದಸರಾಗೆ ಐದು ದಿನ ಮುಂಚೆ.

ಅಲ್ಲಿಂದ ಮೇಲಿನ ಗದ್ದೆಯವರೂ ಎದ್ದು ಬಂದರು. ಒಂದರಲ್ಲಿ ಹೊಸ ಟ್ರ್ಯಾಕ್ಟರಿನ ಕೆಂಪು ಮೂತಿ, ಇನ್ನೊಂದರಲ್ಲಿ ನಾಟಿ ಮಾಡುವ ಹೆಂಗಸರ ಸಾಲು. ಟ್ರ್ಯಾಕ್ಟರ್ ಯಾವತ್ತು ಬಂತು ಎನ್ನುವುದಕ್ಕೆ ಅದರ ಮಾಲೀಕ ಮನೆಗೆ ಫೋನು ಮಾಡಿ ಹೆಂಡತಿಯನ್ನು ಕೇಳಿದ. ಒಂದು ಫೋಟೋದಲ್ಲಿ ತೂಬಿನ ಗೋಡೆಗೆ ಒರಗಿ ಒಬ್ಬ ಮುದುಕರು ನಿಂತಿದ್ದರು. ಸುಮ್ಮನೆ ಕೂತಿದ್ದ ಒಬ್ಬ ಮಧ್ಯವಯಸ್ಸಿನವನು ಹತ್ತಿರ ಬಂದು ನೋಡಿ, ಅಪ್ಪ ಕಾಲುವೆ ಕಡೆ ಬಂದದ್ದು ಅವತ್ತೇ ಕಡೆ, ಮರುದಿನ ಬಳ್ಳಾರಿ ಆಸ್ಪತ್ರೆಗೆ ಒಯ್ದೆವು ಎಂದು ತಾರೀಕು ಹೇಳಿದ. ಒಳಗೂ ಅದೇ ತಾರೀಕು ಇತ್ತು. ಅವನಿಗೆ ಆ ಫೋಟೋ ಅಲ್ಲೇ ಕಳಿಸಿಕೊಟ್ಟೆ.

ಒಂದು ಕಡೆ ಮಾತ್ರ ಲೆಕ್ಕ ಹೊಂದಲಿಲ್ಲ. ಕಟಾವು ಮುಗಿದ ಗದ್ದೆ ಕಾಣುತ್ತಿತ್ತು, ತಾರೀಕು ಐದು ವರ್ಷ ಹಿಂದಿನದಿತ್ತು, ಫೋಟೋ ತೆಗೆಯುವುದು ಶುರುವಾಗುವುದಕ್ಕೂ ಮೊದಲಿನದು. ಜನ ತಾರೀಕನ್ನು ತಳ್ಳಿಹಾಕಿದರು. ಆಗ ನೀರಗಂಟಿಗೆ ನೆನಪಾಯಿತು: ಆ ದಿನಗಳಲ್ಲಿ ಫೋನು ಕಾಲುವೆಗೆ ಬಿದ್ದು, ಅಕ್ಕಿ ಡಬ್ಬಿಯಲ್ಲಿ ಒಣಗಿಸಿ ಎಬ್ಬಿಸಿದ್ದರು, ಅದರ ಗಡಿಯಾರ ಒಂದೆರಡು ದಿನ ದಿಕ್ಕೆಟ್ಟಿತ್ತು. ಯಂತ್ರ ತಪ್ಪಿದೆ, ಊರು ಸರಿಯಿದೆ ಎಂದು ನಾನೂ ಒಪ್ಪಿದೆ.

ಊಟದ ಹೊತ್ತಿಗೆ ವಿಷಯ ತಿಳಿಯಾಯಿತು. ಹೋದ ವರ್ಷ ಕೊನೆಯವರಿಗೆ ನಾಲ್ಕು ದಿನ ನೀರು ತಪ್ಪಿದ್ದು ನಿಜ. ಆದರೆ ಆ ನಾಲ್ಕು ದಿನವೂ ಕಲ್ಲಿನ ಬುಡ ಒಣಗಿತ್ತು, ಕಾಲುವೆ ಮೇಲೆಲ್ಲೋ ಒಡೆದು ಯಾರಿಗೂ ನೀರಿರಲಿಲ್ಲ. ಯಾರೂ ಕದ್ದಿರಲಿಲ್ಲ. ಈ ಸಲದ ಮೊದಲ ಸರದಿ ಕೊನೆಯವರಿಗೆ ಎಂದು ಮೇಲಿನವರೇ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಅಂಥ ಸಂತೋಷವೇನೂ ಇರಲಿಲ್ಲ.

ನೀರಗಂಟಿಯ ಮನೆಯಲ್ಲಿ ಊಟ ಮಾಡಿದೆ. ಕೈ ತೊಳೆದ ಮೇಲೆ ಅವರು ತಮ್ಮ ಹಳೆಯ ಫೋನು ಈಗ ಹೇಗಿದೆ ಎಂದು ಕೇಳಿದರು. ತೆಗೆದು ಕೊಟ್ಟೆ. ಜಾಹೀರಾತು ಬರುವುದಿಲ್ಲ, ನಮ್ಮ ಸುದ್ದಿಯನ್ನು ಕಂಪನಿಗೆ ಕಳಿಸುವುದಿಲ್ಲ, ಇನ್ನೂ ಹತ್ತು ವರ್ಷ ಬಾಳುತ್ತದೆ ಎಂದು ವಿವರಿಸಿದೆ. ಅವರು ಗೌರವದಿಂದ ಕೇಳಿ, ಹೊರಗೆ ಹೋಗಿ, ಅಳತೆಯ ಕಲ್ಲಿನ ಕಡೆ ಹಿಡಿದು ಒತ್ತಿದರು. ಪರದೆ ಕಪ್ಪಗಿತ್ತು. ಕ್ಯಾಮೆರಾ ಒಂದು ಇನ್ನೂ ಎದ್ದಿಲ್ಲ ಎಂದೆ.

"ಇರ್ಲಿ ಬಿಡ್ರಿ, ಏಳ್ತೈತಿ," ಎಂದು ಎರಡೂ ಕೈಯಲ್ಲಿ ಹಿಡಿದು ವಾಪಸ್ಸು ಕೊಟ್ಟರು.

ಕಂಪ್ಲಿಯ ಬಸ್ಸಿನಲ್ಲಿ ಕೂತಾಗ ನನಗೆ ನಾಚಿಕೆಯೂ ನೆಮ್ಮದಿಯೂ ಒಟ್ಟಿಗೇ ಇತ್ತು. ಅವರು ಉಳಿಸಿ ಎಂದದ್ದು ಫೋಟೋಗಳನ್ನು, ನಾನು ಉಳಿಸಿದ್ದೆ. ಆ ಫೋಟೋಗಳಲ್ಲಿ ಅವರಿಗೆ ಬೇಕಿದ್ದದ್ದು ಯಾವುದು ಎಂದು ಮಾತ್ರ ಕೇಳಿರಲಿಲ್ಲ.

ಹವ್ಯಾಸಿಗಳ ತಾಣದಲ್ಲಿ ಪ್ರತಿ ಮಾದರಿಗೂ ಒಂದು ಪುಟ ಇರುತ್ತದೆ. ನಮ್ಮ ಮಾದರಿಯ ಪುಟ ಬರೆದವನು ನಾನೇ. ಏನು ಕೆಲಸ ಮಾಡುತ್ತದೆ, ಏನು ಮಾಡುವುದಿಲ್ಲ, ಬೆನ್ನ ಮೇಲಿನ ಕೊನೆಯ ಅಕ್ಷರ ಯಾವುದಿರಬೇಕು ಎಂದೆಲ್ಲ ಬರೆದ ಮೇಲೆ ಇನ್ನೊಂದು ಸಾಲು ಸೇರಿಸಿದೆ: ಬೇರೆಯವರ ಫೋನಿನ ಬೀಗ ತೆಗೆಯುವ ಮೊದಲು, ಅವರು ಅದನ್ನು ಯಾವುದಕ್ಕೆ ಬಳಸುತ್ತಿದ್ದರು ಎಂದು ಕೂತು ಕೇಳಿ, ಉದಾಹರಣೆಗೆ ನೀರಗಂಟಿಗಳನ್ನು. ದೂರದ ಯಾವುದೋ ದೇಶದವರೊಬ್ಬರು ಅದನ್ನು ಓದಿ, ನೀರಗಂಟಿ ಎಂದರೆ ಯಾರು ಎಂದು ಕೇಳಿದರು. ಉದ್ದವಾಗಿಯೇ ಉತ್ತರ ಬರೆದೆ. ಆ ಕೆಲಸಕ್ಕೆ ಏನು ಓದಿರಬೇಕು ಎಂದು ಮತ್ತೆ ಕೇಳಿದರು. ಅದನ್ನು ನೀರಗಂಟಿಯವರನ್ನೇ ವಿಚಾರಿಸಿ, ಅವರು ಹೇಳಿದ್ದನ್ನು ಹಾಗೇ ಬರೆದು ಕಳಿಸಿದ್ದೇನೆ. ಮೊದಲು ಈಜು ಬರಬೇಕು ಎಂದಿದ್ದರು.