ಫ್ಲಾಪಿಗೆ ಹಚ್ಚಿದ ಕುಂಕುಮ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಪ್ರತಿ ಸಲವೂ ಏನಾದರೊಂದು ನೆಪ ಹುಡುಕಿ ಎದ್ದಿದ್ದೇನೆ. ಮೊನ್ನೆ ಸೊಸೆ ಗಂಧ ತೇಯುತ್ತಿದ್ದಳು. ಆ ಹಸಿ ವಾಸನೆಗೆ ಹೊಳೆನರಸೀಪುರದ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟು, ಅಲ್ಲಿ ಕಲಿಸುತ್ತಿದ್ದ ಮೇಡಂ, ಅವರು ಕಟ್ಟಿದ ಆಟ ಎಲ್ಲ ಕಣ್ಣ ಮುಂದೆ ಬಂದವು.

ತೊಂಬತ್ತರ ದಶಕದ ಕೊನೆ. ಟೈಪಿಂಗಿಗೆ ಬರುವವರು ಕಡಿಮೆಯಾಗಿದ್ದರೆಂದು ಹಾಸನದಿಂದ ಒಂದು ಹಳೆಯ ಕಂಪ್ಯೂಟರ್ ತಂದಿಟ್ಟಿದ್ದೆ. ಒಳಗೆ ಏನನ್ನೂ ಉಳಿಸಿಕೊಳ್ಳದ ಯಂತ್ರ, ಮಾಡಿದ್ದನ್ನೆಲ್ಲ ಫ್ಲಾಪಿಯಲ್ಲೇ ಇಡಬೇಕು. ಎಸ್ಸೆಸ್ಸೆಲ್ಸಿ ಓದಿದ ನನಗೆ ಸ್ವಿಚ್ಚು ಹಾಕುವುದು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಮೇಡಂ ಪುಸ್ತಕ ನೋಡಿಕೊಂಡೇ ಪ್ರೋಗ್ರಾಂ ಬರೆಯಲು ಕಲಿತರು. ಬ್ಯಾಚು ಮುಗಿದ ಮೇಲೆ, ಬರೀ ಖುಷಿಗೆ, ಒಂದು ಆಟ ಕಟ್ಟತೊಡಗಿದರು. ಒಬ್ಬ ಪುಟ್ಟ ಮನುಷ್ಯ, ಮೆಟ್ಟಿಲು, ಹಳ್ಳ, ತಳ್ಳುವ ಕಲ್ಲುಗಳು. ಯಾವ ಕಲ್ಲನ್ನು ಎಲ್ಲಿಗೆ ತಳ್ಳಿ ಹತ್ತಿದರೆ ಬಾಗಿಲು ಸಿಗುತ್ತದೆಂದು ಯೋಚಿಸಿ ಅವನನ್ನು ದಾಟಿಸಬೇಕು.

ಕಂಪ್ಯೂಟರಿಗೆ ಹಾಕುವ ಮೊದಲು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆಯುವರು. ಅಂಗಿಯ ಗುಂಡಿಯೇ ಮನುಷ್ಯ, ಹುಣಸೆಬೀಜವೇ ಕಲ್ಲು. ಮೊದಲು ಆಡಬೇಕಾದವನು ನಾನು.

"ಕಲ್ಲು ಮೂಲೇಲಿ ಸಿಕ್ಕಾಕ್ಕಂತಲ್ಲಮ್ಮ, ಈಗ ಇವ್ನು ಓಗೋದೆಂಗೆ?"

"ಅದನ್ನೇ ಯೋಚ್ನೆ ಮಾಡಿ ಸಾರ್. ನಿಮಗೆ ಅರ್ಥ ಆಯ್ತು ಅಂದ್ರೆ ಇಡೀ ತಾಲ್ಲೂಕಿಗೇ ಅರ್ಥ ಆದ ಹಾಗೆ!"

ಹಾಸನದ ಒಂದು ಕಂಪ್ಯೂಟರ್ ಸೆಂಟರಿನವರು ಈ ಆಟದ ಸುದ್ದಿ ಕೇಳಿ, ದಸರಾ ಮುಗಿದ ಮೇಲೆ ತಂದು ತೋರಿಸಿ, ಹಿಡಿಸಿದರೆ ಪಾಠ ಹೇಳುವ ಕೆಲಸ ಕೊಡುತ್ತೇವೆ ಎಂದರು. ನಾನು ಕೊಡುತ್ತಿದ್ದುದರಲ್ಲಿ ಮೇಡಂಗೆ ಮನೆ ನಡೆಯುತ್ತಿರಲಿಲ್ಲ. ಆ ಕೆಲಸ ಬೇಕೇ ಬೇಕಿತ್ತು. ಇನ್ನೊಂದು ಪ್ರತಿ ಇಟ್ಟುಕೊಳ್ಳಲು ಫ್ಲಾಪಿ ತರಿಸಿಕೊಡಿ ಎಂದು ಕೇಳಿದ್ದರು. "ತರ್ಸಾನ ತಗಳಮ್ಮ" ಎಂದೆ. ತರಿಸಲಿಲ್ಲ.

ಆಯುಧಪೂಜೆಯ ದಿನ ಅವರು ರಜೆಯಲ್ಲಿದ್ದರು. ಟೈಪ್‌ರೈಟರುಗಳಿಗೆ ಎಣ್ಣೆ ಬಿಟ್ಟು, ಒರೆಸಿ, ಗಂಧ ಕುಂಕುಮ ಇಟ್ಟೆ. ಬೀರುವಿನಲ್ಲಿದ್ದ ಆಟದ ಫ್ಲಾಪಿಯನ್ನೂ ತೆಗೆದೆ. ಅದೂ ಅವರ ಆಯುಧವೇ ಅಲ್ಲವೇ? ಅದರ ಕಪ್ಪು ಹೊದಿಕೆಯ ನಡುವೆ ಉದ್ದನೆಯ ಸಂದು, ಒಳಗಿನ ಬಿಲ್ಲೆ ಹೊಳೆಯುತ್ತಿತ್ತು. ದೇವರ ಹಣೆಗಿಡುವಷ್ಟು ಭಕ್ತಿಯಿಂದ ಅಲ್ಲೇ ಬೆರಳೊತ್ತಿ ಇಟ್ಟೆ...

ಪೂಜೆಯಾದ ಮೇಲೆ ಗಂಧ ಒಣಗಿ ಕಚ್ಚಿಕೊಂಡಿತ್ತು. ಒದ್ದೆ ಬಟ್ಟೆಯಿಂದ ಉಜ್ಜಿದೆ. ಕುಂಕುಮದ ಜೊತೆ ಬಿಲ್ಲೆಯ ಬಣ್ಣವೂ ಬಟ್ಟೆಗೆ ಬಂತು. ಮೇಡಂ ಬರೆದದ್ದೆಲ್ಲ ಇದ್ದದ್ದು ಆ ಬಿಲ್ಲೆಯ ಮೇಲೆಯೇ. ಕವರಿಗೆ ಹಾಕಿ ಬೀರು ಮುಚ್ಚಿದೆ.

ರಜೆ ಮುಗಿದ ಬೆಳಿಗ್ಗೆ ಮೇಡಂ ಇಸ್ತ್ರಿ ಸೀರೆಯುಟ್ಟು ಹಾಸನಕ್ಕೆ ಹೊರಟು ಬಂದರು. "ಪೂಜೆ ಚೆನ್ನಾಗಾಯ್ತಾ ಸಾರ್?" ಎಂದರು. ಆಯಿತೆಂದು ಫ್ಲಾಪಿ ತೆಗೆದುಕೊಟ್ಟೆ. ಒಮ್ಮೆ ಹಾಕಿ ನೋಡಿಕೊಂಡು ಹೋಗಿ ಎನ್ನಲು ಬಾಯಿ ತೆರೆದವನು "ಬಸ್ಸಿಗೆ ಒತ್ತಾಯ್ತು, ಒರಡಿ" ಎಂದೆ. ಯಾಕೆ ಹಾಗೆಂದೆನೋ... ಗೊತ್ತು, ಹೇಳುತ್ತೇನೆ. ಆ ಕೆಲಸ ಸಿಕ್ಕಿ ಅವರು ಹೊರಟುಹೋದರೆ ನನ್ನ ಇನ್‌ಸ್ಟಿಟ್ಯೂಟು ಮುಚ್ಚಬೇಕಾಗುತ್ತಿತ್ತು.

ಸಂಜೆ ಹಿಂದಿರುಗಿದರು. "ಖಾಲಿ ಫ್ಲಾಪಿ ಹಿಡ್ಕೊಂಡು ಬಂದಿದ್ದೀರಲ್ಲಮ್ಮ ಅಂತ ನಕ್ಕರು ಸಾರ್. ಬೀರು ಯಾರಾದ್ರೂ ತೆಗೆದಿದ್ರಾ?"

"ಯಾರ್ ತೆಗೀತಾರಮ್ಮ? ಬೀಗದ ಕೈ ನನ್ ತಾವೇ ಇತ್ತಲ್ಲ."

"ಹಾಗಾದ್ರೆ ನಾನೇ ಏನೋ ತಪ್ಪು ಮಾಡ್ಬಿಟ್ಟಿದ್ದೀನಿ," ಎಂದು ಮೇಜಿನ ಮೇಲಿದ್ದ ಸೀಮೆಸುಣ್ಣದ ಗೆರೆಗಳನ್ನು ಅಂಗೈಯಿಂದ ಒರೆಸಿದರು. ಮತ್ತೆ ಆಟ ಬರೆಯಲಿಲ್ಲ. ನನ್ನಲ್ಲೇ ಉಳಿದರು. ಇನ್‌ಸ್ಟಿಟ್ಯೂಟು ಇನ್ನೂ ಕೆಲವು ವರ್ಷ ನಡೆಯಿತು.

ಅದು ಮುಚ್ಚಿದ ಮೇಲೆ ಒಮ್ಮೆ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಮಾತಿನ ನಡುವೆ ಅವರೇ, "ಆವತ್ತು ಎಲ್ಲಿ ತಪ್ಪಿದೆ ಅಂತ ಇವತ್ತಿಗೂ ಹೊಳೀಲಿಲ್ಲ ಸಾರ್," ಎಂದರು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಕಾಫಿ ಕುಡಿಯೋಣ ಬನ್ನಿ ಎಂದೆ, ಅಷ್ಟೆ.

ಹೋದ ವರ್ಷ ತೀರಿಕೊಂಡರಂತೆ. ತಪ್ಪು ತಮ್ಮದೇ ಎಂದುಕೊಂಡೇ ಹೋದರು. ಅಷ್ಟು ವರ್ಷ ಜೊತೆಗಿದ್ದರೂ ಮೇಡಂ, ಅಮ್ಮ ಎಂದೇ ಕರೆದೆ, ಹೆಸರು ಹಿಡಿದು ಕರೆಯಲಿಲ್ಲ. ಇವತ್ತು ಬರೆಯುತ್ತೇನೆ. ನಾನು ಸುಳ್ಳಿನಿಂದ ಉಳಿಸಿಕೊಂಡು, ಕ್ಷಮೆಯನ್ನೂ ಕೇಳದೆ ಹೋದದ್ದು ಲಲಿತಮ್ಮನವರನ್ನು.